ಮೆಮೊರಿಯ ಕಾವಲು ಯಾರ ಹೊಣೆ? ಸಿ ಮತ್ತು ರಸ್ಟ್ ಭಾಷೆಗಳ ನಡುವಿನ ವಾದದ ಒಳಹೊಕ್ಕು

2024ರ ಜುಲೈ 19ರಂದು, ಭಾರತದಲ್ಲಿ ಬೆಳಗಿನ ಒಂಬತ್ತೂವರೆ ದಾಟಿದ ಹೊತ್ತಿಗೆ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿ ತನ್ನ ಗ್ರಾಹಕರಿಗೆ ಕಳುಹಿಸಿದ ಒಂದು ಸಣ್ಣ ಕಡತ ಪ್ರಪಂಚದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ಕುಸಿದಾಗ ಕಾಣುವ ನೀಲಿ ಪರದೆಗೆ ತಂದು ನಿಲ್ಲಿಸಿತು. ಬೆಂಗಳೂರು ಸೇರಿದಂತೆ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ಕೆಲಸ ಅಸ್ತವ್ಯಸ್ತವಾಯಿತು. ಕೆಲವು ಕಡೆ ಸಿಬ್ಬಂದಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಟ್ಟರು. ಕಂಪನಿಯೇ ಅನಂತರ ಪ್ರಕಟಿಸಿದ ವರದಿಯ ಪ್ರಕಾರ ಇದರ ಮೂಲ ಕಾರಣ ಬಹಳ ಚಿಕ್ಕದು. ಹೊಸ ಕಡತದ ನಿಯಮಗಳು 21 ಮೌಲ್ಯಗಳನ್ನು ನಿರೀಕ್ಷಿಸುತ್ತಿದ್ದವು. ಕಂಪ್ಯೂಟರಿನಲ್ಲಿ ಆಗಲೇ ಓಡುತ್ತಿದ್ದ ಪ್ರೋಗ್ರಾಂ ಕೊಡುತ್ತಿದ್ದುದು 20 ಮೌಲ್ಯಗಳನ್ನು ಮಾತ್ರ. ಅಲ್ಲಿಯವರೆಗೆ 21ನೆಯ ಜಾಗದಲ್ಲಿ ‘ಏನಿದ್ದರೂ ಸರಿ’ ಎಂಬರ್ಥದ ಗುರುತು ಇರುತ್ತಿದ್ದುದರಿಂದ ಅದನ್ನು ಓದುವ ಪ್ರಸಂಗವೇ ಬಂದಿರಲಿಲ್ಲ. ಅಂದು ಬಂತು. ಪ್ರೋಗ್ರಾಂ ಇಪ್ಪತ್ತರ ಪಟ್ಟಿಯನ್ನು ದಾಟಿ, ತನಗೆ ಸೇರದ ಮೆಮೊರಿಯನ್ನು ಓದಲು ಹೋಯಿತು. ಅದು ಕಾರ್ಯಾಚರಣ ವ್ಯವಸ್ಥೆಯ ಒಡಲಾದ ಕರ್ನಲ್‌ನೊಳಗೆ ಓಡುವ, ಡ್ರೈವರ್ ಎಂಬ ಬಗೆಯ ಪ್ರೋಗ್ರಾಂ ಆಗಿದ್ದ ಕಾರಣ, ಅದರ ಜೊತೆಗೆ ಇಡೀ ಯಂತ್ರವೂ ಕುಸಿಯಿತು.

ಈ ಘಟನೆಯನ್ನು ಸಾಫ್ಟ್‌ವೇರ್ ಲೋಕದ ಎರಡು ಪಕ್ಷಗಳೂ ತಮ್ಮ ತಮ್ಮ ವಾದಕ್ಕೆ ಸಾಕ್ಷಿಯಾಗಿ ಮುಂದಿಟ್ಟವು. ಸಿ ಮತ್ತು ಅದರಿಂದ ಬೆಳೆದ ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇಂಥದ್ದು ಮತ್ತೆ ಮತ್ತೆ ಆಗುತ್ತದೆ, ಆದ್ದರಿಂದ ಭಾಷೆಯನ್ನೇ ಬದಲಿಸಬೇಕು ಎಂದು ಒಂದು ಪಕ್ಷ ಹೇಳಿತು. ಪಟ್ಟಿಯ ಉದ್ದವನ್ನು ಪರೀಕ್ಷಿಸದೆ, ಹೊಸ ಕಡತವನ್ನು ಮೊದಲು ಕೆಲವೇ ಯಂತ್ರಗಳಲ್ಲಿ ಓಡಿಸಿ ನೋಡದೆ ಎಲ್ಲರಿಗೂ ಒಮ್ಮೆಲೇ ಕಳುಹಿಸಿದ್ದು ಮನುಷ್ಯರ ಶಿಸ್ತಿನ ಕೊರತೆ, ಭಾಷೆ ಯಾವುದಾದರೇನು ಎಂದು ಇನ್ನೊಂದು ಪಕ್ಷ ಹೇಳಿತು. ಇವೆರಡರಲ್ಲೂ ನಿಜವಿದೆ. ಪ್ರೋಗ್ರಾಮಿಂಗ್ ಭಾಷೆಗಳ ಬಗೆಗಿನ ಜಗಳಗಳಲ್ಲಿ ಬಹುಪಾಲು ಅಭಿರುಚಿಯ ಮಾತುಗಳು, ಅವುಗಳಿಂದ ಹೊರಗಿನವರಿಗೆ ಆಗಬೇಕಾದ್ದೇನೂ ಇಲ್ಲ. ಮೆಮೊರಿಯ ಸುರಕ್ಷತೆಯ ಕುರಿತ ಈ ವಾದ ಮಾತ್ರ ಹಾಗಲ್ಲ. ಆಸ್ಪತ್ರೆ, ಬ್ಯಾಂಕು, ಮೊಬೈಲ್ ಫೋನು, ವಿದ್ಯುತ್ ಜಾಲ ಎಲ್ಲವೂ ಇದರ ತೀರ್ಮಾನದ ಮೇಲೆ ನಿಂತಿವೆ. ಆದ್ದರಿಂದ ಪ್ರೋಗ್ರಾಮರ್ ಅಲ್ಲದವರೂ ಇದನ್ನು ಅರ್ಥಮಾಡಿಕೊಳ್ಳುವುದು ಅಗತ್ಯ.

ಮೊದಲು ಸಮಸ್ಯೆ ಏನೆಂದು ನೋಡೋಣ. ಕಂಪ್ಯೂಟರಿನ ಮೆಮೊರಿ ಎಂದರೆ ಸಾಲಾಗಿ ಸಂಖ್ಯೆ ಹಾಕಿದ ಕೋಟ್ಯಂತರ ಬೈಟುಗಳು. ಪ್ರೋಗ್ರಾಂ ಓಡುವಾಗ ಅದರಲ್ಲಿ ಕೆಲವು ಬೈಟುಗಳನ್ನು ಒಂದು ಹೆಸರಿಗೆ, ಇನ್ನು ಕೆಲವನ್ನು ಒಂದು ಪಾಸ್‌ವರ್ಡಿಗೆ, ಮತ್ತೆ ಕೆಲವನ್ನು ‘ಈ ಕೆಲಸ ಮುಗಿದ ಮೇಲೆ ಎಲ್ಲಿಗೆ ಹಿಂದಿರುಗಬೇಕು’ ಎಂಬ ವಿಳಾಸಕ್ಕೆ ಮೀಸಲಿಡುತ್ತದೆ. ಯಾವ ಬೈಟು ಯಾರದು ಎಂಬ ಗುರುತು ಸಾಮಾನ್ಯ ಯಂತ್ರಾಂಶದಲ್ಲಿ ಇಲ್ಲ. ಆ ಲೆಕ್ಕವನ್ನು ಯಾರಾದರೂ ಇಡಬೇಕು. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಸಿ ಭಾಷೆಯನ್ನು ರೂಪಿಸಿದಾಗ ಈ ಲೆಕ್ಕವನ್ನು ಪೂರ್ತಿಯಾಗಿ ಪ್ರೋಗ್ರಾಮರನ ಕೈಗೆ ಬಿಟ್ಟರು. ಆ ಕಾಲದ ಪಿಡಿಪಿ-11 ಯಂತ್ರದ ಮೆಮೊರಿ ಕಿಲೋಬೈಟುಗಳಲ್ಲಿ ಎಣಿಸುವಷ್ಟು ಇತ್ತು. ಒಂದೊಂದು ಓದಿಗೂ ‘ಇದು ಪಟ್ಟಿಯ ಒಳಗಿದೆಯೇ’ ಎಂದು ಪರೀಕ್ಷಿಸುವ ಆದೇಶಗಳನ್ನು ಸೇರಿಸುವುದು ಆಗ ದುಬಾರಿಯಾಗಿತ್ತು. 1973ರಲ್ಲಿ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಸಿ ಭಾಷೆಯಲ್ಲಿ ಮತ್ತೆ ಬರೆಯಲಾಯಿತು. ಅಲ್ಲಿಂದ ಮುಂದೆ ಲಿನಕ್ಸ್, ವಿಂಡೋಸ್, ಫೋನುಗಳ ಒಳಗಿನ ಕರ್ನಲ್, ರೂಟರ್, ಪ್ರಿಂಟರ್, ಕಾರಿನ ನಿಯಂತ್ರಣ ಘಟಕ ಎಲ್ಲವೂ ಅದೇ ಮನೆತನದವು.

ಆದರೆ ‘ಆ ಕಾಲದಲ್ಲಿ ಬೇರೆ ದಾರಿಯೇ ಇರಲಿಲ್ಲ’ ಎಂಬ ಮಾತನ್ನು ಒಪ್ಪುವುದು ಕಷ್ಟ. ಟೋನಿ ಹೋರ್ ಅವರು 1960ರ ದಶಕದ ಆರಂಭದಲ್ಲಿಯೇ ಎಲಿಯಟ್ ಕಂಪನಿಯ ಕಂಪ್ಯೂಟರಿಗೆ ಆಲ್ಗಾಲ್ 60 ಭಾಷೆಯ ಕಂಪೈಲರನ್ನು, ಅಂದರೆ ಬರೆದ ಪ್ರೋಗ್ರಾಮನ್ನು ಯಂತ್ರದ ಆದೇಶಗಳಾಗಿ ಬದಲಿಸುವ ತಂತ್ರಾಂಶವನ್ನು ಮಾಡಿದಾಗ, ಪಟ್ಟಿಯ ಪ್ರತಿಯೊಂದು ಸೂಚಿಯನ್ನೂ (ಎಷ್ಟನೆಯ ಜಾಗ ಎಂಬ ಸಂಖ್ಯೆಯನ್ನು) ಪ್ರೋಗ್ರಾಂ ಓಡುವ ಹೊತ್ತಿನಲ್ಲಿ ಅದು ಪರೀಕ್ಷಿಸುತ್ತಿತ್ತು. ಕೆಲವು ವರ್ಷಗಳ ನಂತರ, ವೇಗಕ್ಕಾಗಿ ಈ ಪರೀಕ್ಷೆಯನ್ನು ನಿಲ್ಲಿಸುವ ಅವಕಾಶ ಬೇಕೇ ಎಂದು ಗ್ರಾಹಕರನ್ನು ಕೇಳಿದರೆ ಅವರೆಲ್ಲರೂ ಒಮ್ಮತದಿಂದ ಬೇಡವೆಂದರಂತೆ. ತಮ್ಮ ತಪ್ಪುಗಳು ಎಷ್ಟು ಸಲ ಅಲ್ಲಿ ಸಿಕ್ಕಿಬೀಳುತ್ತಿದ್ದವೆಂದು ಅವರಿಗೆ ಗೊತ್ತಿತ್ತು. 1980ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸುತ್ತ ಹೋರ್ ಇದನ್ನು ನೆನಪಿಸಿಕೊಂಡು, ಭಾಷೆಗಳನ್ನು ರೂಪಿಸುವವರೂ ಬಳಸುವವರೂ ಈ ಪಾಠವನ್ನು ಇನ್ನೂ ಕಲಿತಿಲ್ಲವೆಂದು ಆತಂಕಪಟ್ಟರು. ಆ ಭಾಷಣವಾಗಿ ನಾಲ್ಕು ದಶಕಗಳು ಕಳೆದಿವೆ.

ಪಾಠ ಕಲಿಯದೇ ಹೋದ ಬೆಲೆ ಎಂಥದ್ದು ಎಂಬುದನ್ನು ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿಯೇ ತಿಳಿಯಬೇಕು. ಸಿ ಭಾಷೆಯಲ್ಲಿ ‘ಗೆಟ್ಸ್’ ಎಂಬ ಒಂದು ಫಂಕ್ಷನ್ ಇತ್ತು. ಬಳಕೆದಾರ ಟೈಪ್ ಮಾಡಿದ ಒಂದು ಸಾಲನ್ನು ಓದಿ, ನೀವು ಹೇಳಿದ ಜಾಗದಲ್ಲಿ ತುಂಬುವುದು ಅದರ ಕೆಲಸ. ಜಾಗ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಮಾತ್ರ ಅದಕ್ಕೆ ಹೇಳುತ್ತೇವೆ. ಎಷ್ಟು ದೊಡ್ಡದು ಎಂದು ಹೇಳಲು ಅವಕಾಶವೇ ಇಲ್ಲ. ಸಾಲು ಮುಗಿಯುವವರೆಗೂ ಅದು ತುಂಬುತ್ತಲೇ ಹೋಗುತ್ತದೆ. 1988ರಲ್ಲಿ ಯುನಿಕ್ಸ್ ಯಂತ್ರಗಳಲ್ಲಿ ‘ಫಿಂಗರ್’ ಎಂಬ ಸೇವೆಯೊಂದು ಹೊರಗಿನಿಂದ ಬಂದ ಕೋರಿಕೆಯನ್ನು ಇದೇ ಗೆಟ್ಸ್ ಮೂಲಕ 512 ಬೈಟುಗಳ ಜಾಗಕ್ಕೆ ಓದಿಕೊಳ್ಳುತ್ತಿತ್ತು. ಆ ವರ್ಷದ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಹರಿಯಬಿಟ್ಟ, ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುವ ‘ಹುಳು’ ಎಂಬ ಪ್ರೋಗ್ರಾಂ ಅದಕ್ಕೆ 536 ಬೈಟುಗಳ ಸಾಲನ್ನು ಕಳುಹಿಸಿತು. ಹೆಚ್ಚಾದ 24 ಬೈಟುಗಳು ಪಕ್ಕದ ಮೆಮೊರಿಯನ್ನು ಆಕ್ರಮಿಸಿ, ‘ಕೆಲಸ ಮುಗಿದ ಮೇಲೆ ಎಲ್ಲಿಗೆ ಹಿಂದಿರುಗಬೇಕು’ ಎಂಬ ವಿಳಾಸವನ್ನೇ ತಿದ್ದಿಬಿಟ್ಟವು. ಫಿಂಗರ್ ಸೇವೆ ಹಿಂದಿರುಗಿದ್ದು ತನ್ನ ಮನೆಗಲ್ಲ, ಹುಳು ಕಳುಹಿಸಿದ ಆ ಸಾಲಿನೊಳಗೆ ಅಡಗಿದ್ದ ಆದೇಶಗಳಿಗೆ. ಅಂದಿನ ಇಂಟರ್ನೆಟ್ಟಿನ ಸಾವಿರಾರು ಯಂತ್ರಗಳು ಹೀಗೆಯೂ ಇನ್ನಿತರ ದಾರಿಗಳಿಂದಲೂ ಹುಳುವಿನ ವಶವಾದವು. ಗೆಟ್ಸ್ ಅನ್ನು ಸಿ ಭಾಷೆಯ ಅಧಿಕೃತ ಮಾನಕದಿಂದ ಕಿತ್ತುಹಾಕಿದ್ದು 2011ರಲ್ಲಿ, ಅಂದರೆ 23 ವರ್ಷಗಳ ನಂತರ.

ಬರೆಯುವುದರಿಂದ ಮಾತ್ರವಲ್ಲ, ಓದುವುದರಿಂದಲೂ ಅನಾಹುತವಾಗುತ್ತದೆ. 2014ರ ಏಪ್ರಿಲ್‌ನಲ್ಲಿ ಬೆಳಕಿಗೆ ಬಂದ ‘ಹಾರ್ಟ್‌ಬ್ಲೀಡ್’ ದೋಷ ಇದಕ್ಕೆ ಸಾಕ್ಷಿ. ಜಾಲತಾಣಗಳ ಗುಪ್ತ ಸಂವಹನಕ್ಕೆ ಬಳಕೆಯಾಗುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ, ಸಂಪರ್ಕ ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಲು ಒಂದು ಕಡೆಯವರು ಚಿಕ್ಕ ಸಂದೇಶ ಕಳುಹಿಸುತ್ತಾರೆ. ಇನ್ನೊಂದು ಕಡೆಯವರು ಅದನ್ನೇ ಮರಳಿ ಕಳುಹಿಸಬೇಕು. ಸಂದೇಶದ ಜೊತೆಗೆ ಅದರ ಉದ್ದವನ್ನೂ ಬರೆದಿರುತ್ತಾರೆ. ಒಂದೇ ಬೈಟಿನ ಸಂದೇಶ ಕಳುಹಿಸಿ, ‘ಇದರ ಉದ್ದ 64 ಕಿಲೋಬೈಟ್’ ಎಂದು ಸುಳ್ಳು ಹೇಳಿದರೆ, ಸರ್ವರ್ ಅದನ್ನು ನಂಬಿ ಆ ಒಂದು ಬೈಟಿನ ಪಕ್ಕದಲ್ಲಿದ್ದ ಮೆಮೊರಿಯನ್ನೆಲ್ಲ ನಕಲು ಮಾಡಿ ಕಳುಹಿಸುತ್ತಿತ್ತು. ಆ ಪಕ್ಕದಲ್ಲಿ ಬೇರೆಯವರ ಪಾಸ್‌ವರ್ಡ್ ಇರಬಹುದು, ಸರ್ವರಿನ ಗುಪ್ತ ಕೀಲಿಯೇ ಇರಬಹುದು. ಯಂತ್ರ ಕುಸಿಯುವುದಿಲ್ಲ, ಸಾಮಾನ್ಯ ದಾಖಲೆಗಳಲ್ಲಿ ಗುರುತು ಉಳಿಯುವುದಿಲ್ಲ. ಎರಡು ವರ್ಷಗಳಿಗೂ ಹೆಚ್ಚು ಕಾಲ ಈ ದೋಷ ಎಲ್ಲರ ಕಣ್ಣೆದುರಿನ ಮುಕ್ತ ಆಕರದಲ್ಲಿಯೇ (ಪ್ರೋಗ್ರಾಮರುಗಳು ಬರೆದ ಮೂಲ ಸಾಲುಗಳಲ್ಲಿಯೇ) ಇತ್ತು. ತಿದ್ದುಪಡಿಯ ತಿರುಳು ಇಷ್ಟೇ: ಹೇಳಿದ ಉದ್ದ ನಿಜವಾದ ಉದ್ದಕ್ಕಿಂತ ಹೆಚ್ಚಾಗಿದ್ದರೆ ಸಂದೇಶವನ್ನು ಬಿಟ್ಟುಬಿಡು.

ಇವು ಎಲ್ಲೆ ಮೀರುವ ತಪ್ಪುಗಳು. ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಬಗೆಯಿದೆ. ಒಂದು ಕೆಲಸಕ್ಕೆ ಪಡೆದ ಮೆಮೊರಿಯನ್ನು ಕೆಲಸ ಮುಗಿದಾಗ ಹಿಂದಿರುಗಿಸಬೇಕು; ಹಿಂದಿರುಗಿಸಿದ ಮೇಲೆ ಆ ಜಾಗ ಬೇರೊಂದು ಕೆಲಸಕ್ಕೆ ಹೋಗುತ್ತದೆ. ಆದರೆ ಹಳೆಯ ವಿಳಾಸವನ್ನು ಇಟ್ಟುಕೊಂಡ ಪಾಯಿಂಟರ್ ಪ್ರೋಗ್ರಾಮಿನ ಯಾವುದೋ ಮೂಲೆಯಲ್ಲಿ ಉಳಿದು, ಅದು ಇನ್ನೂ ತನ್ನದೇ ಎಂಬಂತೆ ಅಲ್ಲಿ ಓದಿ ಬರೆದರೆ, ದಾಳಿಕೋರನಿಗೆ ಅದು ತೆರೆದ ಬಾಗಿಲು. ಕ್ರೋಮ್ ಬ್ರೌಸರಿನ ತಂಡ 2020ರಲ್ಲಿ ತನ್ನ ಗಂಭೀರ ಭದ್ರತಾ ದೋಷಗಳನ್ನು ಪರಿಶೀಲಿಸಿದಾಗ ಸುಮಾರು ಶೇಕಡಾ 70ರಷ್ಟು ಮೆಮೊರಿಗೆ ಸಂಬಂಧಿಸಿದವಾಗಿದ್ದವು, ಅವುಗಳಲ್ಲಿ ಅರ್ಧದಷ್ಟು ಈ ಎರಡನೆಯ ಬಗೆಯವು. ಅದಕ್ಕೂ ಮೊದಲು, 2019ರಲ್ಲಿ, ಮೈಕ್ರೋಸಾಫ್ಟ್ ಕೂಡ ತನ್ನ ಉತ್ಪನ್ನಗಳ ಬಗ್ಗೆ ಸುಮಾರು ಶೇಕಡಾ 70 ಎಂಬ ಅದೇ ಅಂಕಿಯನ್ನು ಕೊಟ್ಟಿತ್ತು. ಬೇರೆ ಬೇರೆ ಜನ, ಬೇರೆ ಬೇರೆ ಆಕರ, ಆದರೂ ಒಂದೇ ಅನುಪಾತ. ನನ್ನ ಮಟ್ಟಿಗೆ ಈ ವಾದದಲ್ಲಿ ಅತ್ಯಂತ ತೂಕದ ಸಂಗತಿ ಇದೇ. ಈ ಸಂಸ್ಥೆಗಳಲ್ಲಿರುವವರು ಅನುಭವವಿಲ್ಲದವರಲ್ಲ, ಅವರಿಗೆ ಪರೀಕ್ಷೆಯ ಸಾಧನಗಳ ಕೊರತೆಯೂ ಇಲ್ಲ. ಅಂಥವರ ಕೈಯಲ್ಲಿಯೂ ವರ್ಷ ವರ್ಷವೂ ಅದೇ ತಪ್ಪು ಮರುಕಳಿಸುತ್ತಿದ್ದರೆ, ‘ಇನ್ನಷ್ಟು ಎಚ್ಚರ ವಹಿಸಿ’ ಎಂಬ ಸಲಹೆಯನ್ನು ಪರಿಹಾರವೆಂದು ಕರೆಯಲಾಗದು.

ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್ ಬಳಸುವವರಿಗೆ ಈ ತೊಂದರೆ ಇಲ್ಲವಲ್ಲ ಎಂದು ಓದುಗರು ಕೇಳಬಹುದು. ನಿಜ. ಆ ಭಾಷೆಗಳಲ್ಲಿ ಯಾವ ಮೆಮೊರಿ ಇನ್ನು ಯಾರಿಗೂ ಬೇಕಿಲ್ಲ ಎಂಬುದನ್ನು ಓಡುವ ಹೊತ್ತಿನಲ್ಲಿ ಹುಡುಕಿ ತೆರವುಗೊಳಿಸುವ ಒಂದು ವ್ಯವಸ್ಥೆ ಇರುತ್ತದೆ. ಇದಕ್ಕೆ ಗಾರ್ಬೇಜ್ ಕಲೆಕ್ಷನ್ ಎನ್ನುತ್ತಾರೆ. ಲಿಸ್ಪ್ ಭಾಷೆಗಾಗಿ ಜಾನ್ ಮೆಕಾರ್ಥಿ ಇದನ್ನು ಕಂಡುಹಿಡಿದದ್ದು 1950ರ ದಶಕದ ಕೊನೆಯಲ್ಲಿ. ಬ್ಯಾಂಕಿನ ಲೆಕ್ಕಕ್ಕೋ ಆನ್‌ಲೈನ್ ಅಂಗಡಿಗೋ ಇದು ಧಾರಾಳವಾಗಿ ಸಾಕು. ಆದರೆ ಈ ವ್ಯವಸ್ಥೆಗೆ ಹೆಚ್ಚಿನ ಮೆಮೊರಿ ಬೇಕು, ಮತ್ತು ಅದು ತನ್ನ ಕೆಲಸಕ್ಕೆಂದು ಆಗಾಗ ಪ್ರೋಗ್ರಾಮನ್ನು ತಡೆದು ನಿಲ್ಲಿಸಬಹುದು. ಕಾರಿನ ಬ್ರೇಕನ್ನು ನಿಯಂತ್ರಿಸುವ ಚಿಪ್ಪಿನಲ್ಲಿ, ಅಥವಾ ಆ ವ್ಯವಸ್ಥೆಗೇ ಮೆಮೊರಿ ಒದಗಿಸಬೇಕಾದ ಕರ್ನಲ್‌ನಲ್ಲಿ, ಇದಕ್ಕೆ ಜಾಗ ಸಿಗುವುದು ಕಷ್ಟ. ಹೀಗಾಗಿ ದಶಕಗಳ ಕಾಲ ಎರಡೇ ಆಯ್ಕೆಗಳು ಉಳಿದಿದ್ದವು: ವೇಗ ಬೇಕಾದರೆ ಅಪಾಯವನ್ನು ಒಪ್ಪಿಕೊಳ್ಳಿ, ಸುರಕ್ಷತೆ ಬೇಕಾದರೆ ವೇಗವನ್ನು ಬಿಟ್ಟುಕೊಡಿ.

ರಸ್ಟ್ ಭಾಷೆ ಮುರಿದದ್ದು ಈ ಇಕ್ಕಟ್ಟನ್ನು. ಗ್ರೇಡನ್ ಹೋರ್ ಅವರು 2006ರಲ್ಲಿ ಇದನ್ನು ಬಿಡುವಿನ ವೇಳೆಯ ಸ್ವಂತ ಕೆಲಸವಾಗಿ ಆರಂಭಿಸಿದರು. ಮೇಲೆ ಹೇಳಿದ ಟೋನಿ ಹೋರ್ ಬೇರೆ, ಇವರು ಬೇರೆ. ತಾವಿದ್ದ ವ್ಯಾಂಕೂವರಿನ ಕಟ್ಟಡದ ಲಿಫ್ಟ್ ಸಾಫ್ಟ್‌ವೇರ್ ದೋಷದಿಂದ ಕೆಟ್ಟು ನಿಂತು, ಮೆಟ್ಟಿಲು ಹತ್ತಬೇಕಾಗಿ ಬಂದದ್ದು ಅವರಿಗೆ ಪ್ರೇರಣೆಯಾಯಿತಂತೆ. ಮುಂದೆ ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾ ಸಂಸ್ಥೆ ಇದರ ಬೆಂಬಲಕ್ಕೆ ನಿಂತಿತು, 2015ರ ಮೇ 15ರಂದು ಮೊದಲ ಸ್ಥಿರ ಆವೃತ್ತಿ ಹೊರಬಂತು. ಇದರ ಮೂಲ ಉಪಾಯವನ್ನು ಹಳ್ಳಿಯ ಸಹಕಾರ ಸಂಘದ ಲೆಕ್ಕದ ಪುಸ್ತಕವೊಂದನ್ನು ನೆನೆದು ತಿಳಿಯಬಹುದು. ಪುಸ್ತಕ ಯಾವಾಗಲೂ ಒಬ್ಬರ ಸುಪರ್ದಿಯಲ್ಲಿರಬೇಕು. ಎಷ್ಟು ಜನ ಬೇಕಾದರೂ ಒಟ್ಟಿಗೆ ಕುಳಿತು ಅದನ್ನು ಓದಬಹುದು. ಆದರೆ ಯಾರಾದರೂ ಒಬ್ಬರು ಬರೆಯಲು ತೆಗೆದುಕೊಂಡರೆ, ಅವರು ಮುಗಿಸುವವರೆಗೆ ಬೇರೆ ಯಾರೂ ಓದುವಂತಿಲ್ಲ, ಬರೆಯುವಂತೆಯೂ ಇಲ್ಲ. ಕಾರ್ಯದರ್ಶಿ ಪುಸ್ತಕವನ್ನು ಇನ್ನೊಬ್ಬರಿಗೆ ವಹಿಸಿಕೊಟ್ಟ ಮೇಲೆ ಅದರ ಮೇಲೆ ಅವರಿಗೆ ಹಕ್ಕಿಲ್ಲ. ರಸ್ಟ್ ಕಂಪೈಲರ್ ಈ ನಿಯಮಗಳನ್ನು ಪ್ರತಿಯೊಂದು ಮೌಲ್ಯಕ್ಕೂ ಅನ್ವಯಿಸುತ್ತದೆ, ಅದೂ ಪ್ರೋಗ್ರಾಂ ಓಡುವ ಮೊದಲೇ. ನಿಯಮ ಮೀರಿದ ಪ್ರೋಗ್ರಾಂ ತಯಾರಾಗುವುದೇ ಇಲ್ಲ. ಮೆಮೊರಿಯನ್ನು ಯಾವಾಗ ಹಿಂದಿರುಗಿಸಬೇಕು ಎಂಬುದು ಈ ಲೆಕ್ಕದಿಂದಲೇ ನಿರ್ಧಾರವಾಗುವ ಕಾರಣ ಓಡುವ ಹೊತ್ತಿನಲ್ಲಿ ಹುಡುಕಾಟ ಬೇಕಿಲ್ಲ. ಪಟ್ಟಿಯ ಎಲ್ಲೆಯನ್ನು ಮಾತ್ರ, ಮೊದಲೇ ತಿಳಿಯಲಾಗದ ಕಡೆ, ಓಡುವಾಗಲೇ ಪರೀಕ್ಷಿಸುತ್ತದೆ.

ಹಾಗೆಂದು ಇದು ಪುಕ್ಕಟೆ ಸಿಗುವ ಲಾಭವಲ್ಲ. ರಸ್ಟ್ ಕಲಿಯುವುದು ಕಷ್ಟ. ಸರಿಯೆಂದು ಪ್ರೋಗ್ರಾಮರನಿಗೆ ಖಚಿತವಾಗಿ ಗೊತ್ತಿರುವ ಸಾಲನ್ನೂ ಕಂಪೈಲರ್ ತಿರಸ್ಕರಿಸುವುದುಂಟು. ಎರಡೂ ಕಡೆಗೆ ಕೊಂಡಿಯಿರುವ ಪಟ್ಟಿಯಂಥ, ಸಿ ಭಾಷೆಯಲ್ಲಿ ವಿದ್ಯಾರ್ಥಿಗಳು ಎರಡನೆಯ ಸೆಮಿಸ್ಟರಿಗೇ ಬರೆಯುವ ರಚನೆಯನ್ನು ರಸ್ಟ್‌ನಲ್ಲಿ ಬರೆಯಲು ಹೋದರೆ ಒಡೆತನದ ನಿಯಮಗಳು ಅಡ್ಡ ಬರುತ್ತವೆ. ಯಂತ್ರಾಂಶದ ಜೊತೆ ನೇರವಾಗಿ ಮಾತನಾಡಬೇಕಾದ ಕಡೆ ‘ಅನ್‌ಸೇಫ್’ ಎಂದು ಗುರುತು ಹಾಕಿದ ಭಾಗದಲ್ಲಿ ಕೆಲವು ನಿಯಮಗಳಿಂದ ವಿನಾಯಿತಿ ಪಡೆಯಲೇಬೇಕು, ಮತ್ತು ಆ ಭಾಗದ ಹೊಣೆ ಮತ್ತೆ ಮನುಷ್ಯನದೇ. 2025ರ ಡಿಸೆಂಬರ್‌ನಲ್ಲಿ ಲಿನಕ್ಸ್ ಕರ್ನಲ್‌ನ ರಸ್ಟ್ ಭಾಗಕ್ಕೆ ಮೊದಲ ಬಾರಿಗೆ ಅಧಿಕೃತ ದೋಷಸಂಖ್ಯೆ ದಾಖಲಾದಾಗ, ದೋಷವಿದ್ದದ್ದು ಆಂಡ್ರಾಯ್ಡಿನ ಬೈಂಡರ್ ಡ್ರೈವರಿನ ಇಂಥದೇ ಒಂದು ಅನ್‌ಸೇಫ್ ಭಾಗದಲ್ಲಿ, ಅದೂ ಒಂದು ಕೊಂಡಿ-ಪಟ್ಟಿಯನ್ನು ನಿರ್ವಹಿಸುವ ಕಡೆ. ರಸ್ಟ್ ಬೇಡವೆನ್ನುವವರು ಇದನ್ನು ಎತ್ತಿ ತೋರಿಸಿದರು. ನಾನು ಇದರಲ್ಲಿ ಕಾಣುವುದು ಬೇರೆ: ಎಲ್ಲಿ ಹುಡುಕಬೇಕು ಎಂಬುದು ಆಕರದಲ್ಲಿಯೇ ಗುರುತಾಗಿತ್ತು. ಸಿ ಭಾಷೆಯಲ್ಲಿ ಹಾಗೆ ಗುರುತಿಸಿದ ಭಾಗವಿಲ್ಲ. ಯಾವ ಸಾಲನ್ನೂ ಅನುಮಾನದಿಂದ ಹೊರಗಿಡುವಂತಿಲ್ಲ.

ಸಿ ಭಾಷೆಯ ಪರ ಇರುವವರ ವಾದಗಳನ್ನು ಕೇವಲ ಹಳೆಯ ಅಭ್ಯಾಸದ ಮೋಹವೆಂದು ತಳ್ಳಿಹಾಕುವವರು ಅವನ್ನು ಸರಿಯಾಗಿ ಕೇಳಿಲ್ಲ. ಅವರಲ್ಲಿ ಅತ್ಯಂತ ಬಲವಾದ ಉದಾಹರಣೆ ಎಸ್‌ಕ್ಯೂಲೈಟ್ ಎಂಬ ದತ್ತಾಂಶ ತಂತ್ರಾಂಶ. ನಿಮ್ಮ ಫೋನಿನಲ್ಲಿ ಈಗಲೂ ಅದು ಹತ್ತಾರು ಕಡೆ ಓಡುತ್ತಿರುತ್ತದೆ. ಅದು ಪೂರ್ತಿಯಾಗಿ ಸಿ ಭಾಷೆಯಲ್ಲಿದೆ, ಮತ್ತು ತಂತ್ರಾಂಶಕ್ಕಿಂತ ಅದನ್ನು ಪರೀಕ್ಷಿಸುವ ಆಕರವೇ ಐನೂರು ಪಟ್ಟಿಗೂ ಹೆಚ್ಚು ದೊಡ್ಡದು. ಪ್ರೋಗ್ರಾಂ ಕವಲೊಡೆಯುವ ಪ್ರತಿಯೊಂದು ಜಾಗದಲ್ಲಿಯೂ ಎರಡೂ ಕವಲುಗಳು ಪರೀಕ್ಷೆಯಲ್ಲಿ ಓಡಿರಬೇಕು ಎಂಬುದು ಅವರ ಕಟ್ಟುನಿಟ್ಟು. ರಸ್ಟ್‌ನಂಥ ಭಾಷೆ ಎಲ್ಲೆಯ ಪರೀಕ್ಷೆಗಾಗಿ ತಾನೇ ಹೊಸ ಕವಲುಗಳನ್ನು ಸೇರಿಸುತ್ತದೆ. ಸರಿಯಾದ ಪ್ರೋಗ್ರಾಮಿನಲ್ಲಿ ಅವು ಎಂದೂ ಓಡುವುದಿಲ್ಲ. ಎಂದೂ ಓಡದ ಕವಲನ್ನು ಪರೀಕ್ಷಿಸುವುದು ಹೇಗೆ ಎಂದು ಅವರು ಕೇಳುತ್ತಾರೆ. ಇದು ಯೋಚಿಸಬೇಕಾದ ಪ್ರಶ್ನೆ. ಇನ್ನೊಂದು ಉದಾಹರಣೆ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಎಸ್‌ಇಎಲ್4 ಎಂಬ ಪುಟ್ಟ ಕರ್ನಲ್. ಸುಮಾರು 8,700 ಸಾಲುಗಳ ಅದರ ಸಿ ಆಕರ ತನ್ನ ವಿವರಣೆಗೆ ಅನುಗುಣವಾಗಿಯೇ ವರ್ತಿಸುತ್ತದೆಂದು 2009ರಲ್ಲಿ ಗಣಿತದ ಮೂಲಕ ಸಾಧಿಸಲಾಯಿತು. ರಸ್ಟ್ ಕೊಡುವ ಭರವಸೆಗಿಂತ ಇದು ಬಹಳ ದೊಡ್ಡದು.

ಆದರೆ ಈ ಎರಡು ಉದಾಹರಣೆಗಳೇ ಆ ವಾದದ ಮಿತಿಯನ್ನೂ ತೋರಿಸುತ್ತವೆ. ಎಸ್‌ಇಎಲ್4 ತಂಡದ ಪರಿಣತರು ಆ ಕೆಲವೇ ಸಾವಿರ ಸಾಲುಗಳ ಸಾಧನೆಗೆ ವರ್ಷಗಟ್ಟಲೆ ದುಡಿದಿದ್ದಾರೆ. ಲಿನಕ್ಸ್ ಕರ್ನಲ್‌ನ ಆಕರ ಮೂರು ಕೋಟಿ ಸಾಲುಗಳನ್ನು ದಾಟಿದೆ. ಎಸ್‌ಕ್ಯೂಲೈಟ್ ಅನ್ನು ಬೆರಳೆಣಿಕೆಯ ಜನ ಎರಡು ದಶಕಗಳಿಂದ ಒಂದೇ ಮನಸ್ಸಿನಿಂದ ನೋಡಿಕೊಂಡು ಬಂದಿದ್ದಾರೆ. ಮುಂದಿನ ತಿಂಗಳು ಮಾರುಕಟ್ಟೆಗೆ ಬರಬೇಕಾದ ಕ್ಯಾಮೆರಾ ಡ್ರೈವರನ್ನು ಬರೆಯುತ್ತಿರುವ ಎಂಜಿನಿಯರಿಗೆ ಅಂಥ ಬಿಡುವು ಯಾರು ಕೊಡುತ್ತಾರೆ? ಅಸಾಮಾನ್ಯರ ಸಾಧನೆಯನ್ನು ಅಳತೆಗೋಲು ಮಾಡಿಕೊಂಡು ಸಾಮಾನ್ಯ ಸನ್ನಿವೇಶದ ನಿಯಮಗಳನ್ನು ನಿರ್ಧರಿಸುವುದು ಸರಿಯಲ್ಲ.

ವಾದ ಅತ್ಯಂತ ಬಿಸಿಯಾದದ್ದು ಲಿನಕ್ಸ್ ಕರ್ನಲ್‌ನಲ್ಲಿ. 2022ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ 6.1 ಆವೃತ್ತಿಯಲ್ಲಿ ರಸ್ಟ್‌ಗೆ ಪ್ರಾಯೋಗಿಕವಾಗಿ ಪ್ರವೇಶ ಸಿಕ್ಕಿತು. ಮೂರು ದಶಕಗಳಿಂದ ಸಿ ಒಂದನ್ನೇ ನಂಬಿದ್ದ ಜಾಗ ಅದು. 2024ರಲ್ಲಿ ರಸ್ಟ್ ತಂಡದ ಪ್ರಮುಖರಲ್ಲಿ ಒಬ್ಬರಾದ ವೆಡ್ಸನ್ ಅಲ್ಮೇಡಾ ಫಿಲ್ಯು, ತಾಂತ್ರಿಕವಲ್ಲದ ಕಿರಿಕಿರಿಗಳಿಂದ ಬೇಸತ್ತು ಹೊರನಡೆದರು. 2025ರ ಆರಂಭದಲ್ಲಿ, ಸಾಧನಗಳು ಮೆಮೊರಿಯನ್ನು ನೇರವಾಗಿ ಬಳಸುವ ವಿಭಾಗಕ್ಕೆ ರಸ್ಟ್ ಕೊಂಡಿ ಜೋಡಿಸಲು ಮುಂದಾದಾಗ, ಆ ವಿಭಾಗದ ಮೇಲ್ವಿಚಾರಕರಲ್ಲಿ ಒಬ್ಬರಾದ ಕ್ರಿಸ್ಟಾಫ್ ಹೆಲ್ವಿಗ್ ಕಟುವಾಗಿ ವಿರೋಧಿಸಿದರು. ಅವರ ಮಾತು ಒರಟಾಗಿತ್ತು, ಆದರೆ ಆತಂಕಕ್ಕೆ ಆಧಾರವಿತ್ತು. ಕರ್ನಲ್‌ನ ಒಳಗಿನ ಫಂಕ್ಷನ್ನುಗಳು ಸ್ಥಿರವಲ್ಲ. ಮೇಲ್ವಿಚಾರಕರು ಅವನ್ನು ಸುಧಾರಣೆಗೆಂದು ಆಗಾಗ ಬದಲಿಸುತ್ತಾರೆ, ಬದಲಿಸಿದವರೇ ಅವನ್ನು ಬಳಸುವ ಎಲ್ಲ ಕಡೆಯೂ ತಿದ್ದುತ್ತಾರೆ. ಬಳಸುವವರಲ್ಲಿ ರಸ್ಟ್ ಆಕರವೂ ಸೇರಿದರೆ, ರಸ್ಟ್ ಗೊತ್ತಿಲ್ಲದ ಮೇಲ್ವಿಚಾರಕ ಏನು ಮಾಡಬೇಕು? ತಿದ್ದುವುದನ್ನು ಬಿಡಬೇಕೇ, ಹೊಸ ಭಾಷೆ ಕಲಿಯಬೇಕೇ, ಇನ್ನೊಬ್ಬರಿಗಾಗಿ ಕಾಯಬೇಕೇ? ಎಷ್ಟೋ ಮೇಲ್ವಿಚಾರಕರು ಈಗಾಗಲೇ ಕೆಲಸದ ಹೊರೆಯಿಂದ ಕುಗ್ಗಿದ್ದಾರೆ. ಹೊರೆ ಹೊರುವವರನ್ನು ಕೇಳದೆ ಹೊರೆ ಹೆಚ್ಚಿಸಿದರೆ ಅವರು ಸಿಟ್ಟಾಗುವುದು ಸಹಜ. ಈ ವಾದದ ಬೇರು ಇರುವುದು ಇಲ್ಲಿ ಎಂದು ನನಗನ್ನಿಸುತ್ತದೆ. ಯಾವ ಭಾಷೆ ಸುರಕ್ಷಿತ ಎಂಬುದರ ಬಗ್ಗೆ ತಿಳಿದವರಲ್ಲಿ ಅಂಥ ಭಿನ್ನಾಭಿಪ್ರಾಯವಿಲ್ಲ. ಬದಲಾವಣೆಯ ಖರ್ಚನ್ನು ಯಾರು ಭರಿಸಬೇಕು ಎಂಬಲ್ಲಿ ಇದೆ.

ಲಿನಕ್ಸ್‌ನ ಸೃಷ್ಟಿಕರ್ತ ಲಿನಸ್ ಟೊರ್ವಾಲ್ಡ್ಸ್ ಕೊಟ್ಟ ತೀರ್ಪು ಈ ಗೆರೆಯಲ್ಲೇ ಇತ್ತು. ರಸ್ಟ್ ಬೇಡವೆನ್ನುವ ಮೇಲ್ವಿಚಾರಕರು ಅದನ್ನು ನೋಡಲೇಬೇಕೆಂದಿಲ್ಲ, ರಸ್ಟ್ ಕೊಂಡಿ ಮುರಿದರೆ ಸರಿಪಡಿಸುವ ಹೊಣೆ ರಸ್ಟ್ ತಂಡದ್ದು. ಆದರೆ ತಮ್ಮ ಫಂಕ್ಷನ್ನುಗಳನ್ನು ಬೇರೆಯವರು ರಸ್ಟ್‌ನಿಂದ ಬಳಸದಂತೆ ತಡೆಯುವ ಅಧಿಕಾರ ಮೇಲ್ವಿಚಾರಕರಿಗಿಲ್ಲ. 2025ರ ಡಿಸೆಂಬರ್‌ನಲ್ಲಿ ಟೋಕಿಯೋದಲ್ಲಿ ಸೇರಿದ ಕರ್ನಲ್ ಮೇಲ್ವಿಚಾರಕರು, ರಸ್ಟ್ ಇನ್ನು ಪ್ರಯೋಗವಲ್ಲ, ಕರ್ನಲ್‌ನ ಕಾಯಂ ಭಾಗ ಎಂಬ ನಿರ್ಧಾರಕ್ಕೆ ಬಂದರು.

ಸರ್ಕಾರಗಳೂ ಈ ಮಧ್ಯೆ ಬಾಯಿ ಹಾಕಿವೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ 2022ರ ನವೆಂಬರ್‌ನಲ್ಲಿಯೂ ಶ್ವೇತಭವನದ ಸೈಬರ್ ಕಚೇರಿ 2024ರ ಫೆಬ್ರವರಿಯಲ್ಲಿಯೂ ಮೆಮೊರಿ-ಸುರಕ್ಷಿತ ಭಾಷೆಗಳತ್ತ ಹೊರಳಿರೆಂದು ಸಲಹೆ ನೀಡಿದವು. ಸಿ ಪ್ಲಸ್ ಪ್ಲಸ್ ಭಾಷೆಯ ಸೃಷ್ಟಿಕರ್ತ ಬಿಯಾರ್ನ ಸ್ಟ್ರೌಸ್ಟ್ರುಪ್ ಇದನ್ನು ಒಪ್ಪಲಿಲ್ಲ. ಇಂದಿನ ಸಿ ಪ್ಲಸ್ ಪ್ಲಸ್ ಅನ್ನು ಹಳೆಯ ಸಿ ಜೊತೆ ಒಂದೇ ಗಂಟಿಗೆ ಕಟ್ಟುವುದು ತಪ್ಪು, ಅಪಾಯಕಾರಿ ಬಳಕೆಗಳನ್ನು ಕಂಪೈಲರ್ ತಡೆಯುವಂಥ ನಿಯಮಾವಳಿಗಳನ್ನು ಆ ಭಾಷೆಗೇ ಸೇರಿಸಬಹುದು ಎಂಬುದು ಅವರ ನಿಲುವು. ಜಗತ್ತಿನಲ್ಲಿ ಈಗಾಗಲೇ ಇರುವ ಅಗಾಧ ಪ್ರಮಾಣದ ಆಕರವನ್ನು ಗಮನಿಸಿದರೆ ಆ ಪ್ರಯತ್ನ ಯಶಸ್ವಿಯಾಗಲಿ ಎಂದೇ ಹಾರೈಸಬೇಕು.

ಹಾಗಾದರೆ ಇರುವುದನ್ನೆಲ್ಲ ರಸ್ಟ್‌ನಲ್ಲಿ ಮತ್ತೆ ಬರೆಯಬೇಕೇ? ಬೇಡ ಎನ್ನುವುದಕ್ಕೆ ಒಳ್ಳೆಯ ಸಾಕ್ಷ್ಯ ರಸ್ಟ್ ಬಳಸುವವರಿಂದಲೇ ಬಂದಿದೆ. ಗೂಗಲ್‌ನ ಆಂಡ್ರಾಯ್ಡ್ ತಂಡ 2019ರ ಸುಮಾರಿನಿಂದ ಹೊಸ ಆಕರವನ್ನು ಹೆಚ್ಚು ಹೆಚ್ಚಾಗಿ ಮೆಮೊರಿ-ಸುರಕ್ಷಿತ ಭಾಷೆಗಳಲ್ಲಿ ಬರೆಯಲು ಶುರುಮಾಡಿತು. ಹಳೆಯದನ್ನು ಬಹುತೇಕ ಹಾಗೆಯೇ ಬಿಟ್ಟಿತು. ಆ ವರ್ಷ ಆಂಡ್ರಾಯ್ಡಿನ ಭದ್ರತಾ ದೋಷಗಳಲ್ಲಿ ಶೇಕಡಾ 76ರಷ್ಟಿದ್ದ ಮೆಮೊರಿ ದೋಷಗಳ ಪಾಲು 2024ರ ಹೊತ್ತಿಗೆ ಶೇಕಡಾ 24ಕ್ಕೆ ಇಳಿಯಿತು. ಹಳೆಯ ಸಿ ಆಕರ ಅಲ್ಲೇ ಇದ್ದರೂ ಇಳಿದದ್ದು ಹೇಗೆ? ಭದ್ರತಾ ದೋಷಗಳು ಹೆಚ್ಚಾಗಿ ಹೊಸದಾಗಿ ಬರೆದ, ಇತ್ತೀಚೆಗೆ ತಿದ್ದಿದ ಆಕರದಲ್ಲಿರುತ್ತವೆ. ಹಳೆಯ ಆಕರ ವರ್ಷಗಟ್ಟಲೆ ಬಳಕೆಯಾಗಿ, ತಿದ್ದುಪಡಿಯಾಗಿ, ಅದರಲ್ಲಿ ಉಳಿದ ದೋಷಗಳು ಕ್ರಮೇಣ ಕಡಿಮೆಯಾಗುತ್ತ ಹೋಗುತ್ತವೆ. ಹೀಗಾಗಿ ಹೊಸ ನೀರಿನ ಮೂಲವನ್ನು ಶುದ್ಧಗೊಳಿಸಿದರೆ ಸಾಕಷ್ಟು ಕೆಲಸವಾದಂತೆಯೇ. ಚೆನ್ನಾಗಿ ನಡೆಯುತ್ತಿರುವ ಹಳೆಯ ಸಿ ಆಕರವನ್ನು ಉತ್ಸಾಹದಲ್ಲಿ ಮತ್ತೆ ಬರೆದರೆ ಹಳೆಯ ದೋಷಗಳ ಜಾಗದಲ್ಲಿ ಹೊಸ ತರ್ಕದೋಷಗಳು ಬಂದು ಕೂರಬಹುದು.

ತರ್ಕದೋಷಗಳ ಮಾತು ಬಂದಾಗ ರಸ್ಟ್‌ನ ಅಭಿಮಾನಿಗಳು ನೆನಪಿಡಬೇಕಾದ ದಿನ 2025ರ ನವೆಂಬರ್ 18. ಅಂದು ಜಾಲತಾಣಗಳಿಗೂ ಬಳಕೆದಾರರಿಗೂ ನಡುವೆ ನಿಂತು ಸಂಚಾರ ನಿರ್ವಹಿಸುವ ಕ್ಲೌಡ್‌ಫ್ಲೇರ್ ಸಂಸ್ಥೆಯ ಜಾಲ ಗಂಟೆಗಳ ಕಾಲ ಕೈಕೊಟ್ಟು ಅಸಂಖ್ಯ ಜಾಲತಾಣಗಳು ಮುಚ್ಚಿದವು. ಆಂತರಿಕ ಕಡತವೊಂದು ನಿರೀಕ್ಷೆಗಿಂತ ದೊಡ್ಡದಾಗಿ ನಿಗದಿತ ಮಿತಿಯನ್ನು ಮೀರಿತ್ತು. ಅದನ್ನು ಓದಿದ ರಸ್ಟ್ ಪ್ರೋಗ್ರಾಂ ‘ಇಲ್ಲಿ ತಪ್ಪಾಗಲಾರದು’ ಎಂಬ ಊಹೆಯ ಮೇಲೆ ಬರೆದ ಒಂದು ಸಾಲಿನಲ್ಲಿ ನಿಂತುಹೋಯಿತು. 2021ರಲ್ಲಿ ಜಗತ್ತನ್ನು ಬೆಚ್ಚಿಬೀಳಿಸಿದ ಲಾಗ್4ಶೆಲ್ ದೋಷ ಇದ್ದದ್ದೂ ಮೆಮೊರಿ-ಸುರಕ್ಷಿತವಾದ ಜಾವಾದಲ್ಲಿಯೇ. ಕ್ರೌಡ್‌ಸ್ಟ್ರೈಕ್ ಡ್ರೈವರ್ ರಸ್ಟ್‌ನಲ್ಲಿದ್ದು, 21ನೆಯ ಮೌಲ್ಯ ಇಲ್ಲವೆಂಬ ಸ್ಥಿತಿಯನ್ನು ಬರೆದವರು ಜಾಣತನದಿಂದ ನಿಭಾಯಿಸದೇ ಹೋಗಿದ್ದರೆ, ಅಂದೂ ಯಂತ್ರಗಳು ನಿಲ್ಲುತ್ತಿದ್ದವು. ಆದರೂ ನಿಲ್ಲುವುದಕ್ಕೂ ಸೋರುವುದಕ್ಕೂ ಬಹಳ ವ್ಯತ್ಯಾಸವಿದೆ. ಎಲ್ಲೆ ಮೀರಿದ ಕೂಡಲೇ ನಿಂತುಹೋಗುವ ಪ್ರೋಗ್ರಾಂ ಸೇವೆಯನ್ನು ಕೆಡಿಸುತ್ತದೆ. ಎಲ್ಲೆ ಮೀರಿಯೂ ಮುಂದುವರಿಯುವ ಪ್ರೋಗ್ರಾಂ ಕಳ್ಳನಿಗೆ ಕೀಲಿ ಕೊಡುತ್ತದೆ.

ನಮ್ಮ ರಾಜ್ಯಕ್ಕೆ ಈ ವಾದ ದೂರದ್ದಲ್ಲ. ಫೋನಿನ ಚಿಪ್ಪುಗಳಿಗೆ, ಕಾರಿನ ನಿಯಂತ್ರಣ ಘಟಕಗಳಿಗೆ, ನೆಟ್‌ವರ್ಕ್ ಸಾಧನಗಳಿಗೆ ಬೇಕಾದ ಸಿ ಆಕರವನ್ನು ಬರೆಯುವ ಎಂಜಿನಿಯರುಗಳು ಬೆಂಗಳೂರಿನಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಷ್ಟೋ ವಿದ್ಯಾರ್ಥಿಗಳು ಪ್ರೋಗ್ರಾಮಿಂಗ್ ಎಂದರೆ ಏನೆಂದು ಮೊದಲು ಕಲಿಯುವುದು ಸಿ ಭಾಷೆಯಿಂದಲೇ. ಸಿ ಕಲಿಸುವುದನ್ನು ನಿಲ್ಲಿಸಬೇಕೆಂದು ನಾನು ಹೇಳಲಾರೆ. ಮೆಮೊರಿ ಎಂದರೇನು, ಪಾಯಿಂಟರ್ ಎಂದರೇನು ಎಂದು ತಿಳಿಯದವರಿಗೆ ರಸ್ಟ್‌ನ ಒಡೆತನದ ನಿಯಮಗಳು ಯಾವ ರೋಗಕ್ಕೆ ಮದ್ದು ಎಂಬುದೇ ತಿಳಿಯುವುದಿಲ್ಲ. ಆದರೆ ಕಲಿಸುವ ರೀತಿ ಬದಲಾಗಲೇಬೇಕು. ಟರ್ಬೊ ಸಿ ಎಂಬ 1980ರ ದಶಕದ ಕಂಪೈಲರನ್ನು ಇಂದಿಗೂ ಬಳಸುವ ಪ್ರಯೋಗಾಲಯಗಳಿವೆ. ಗೆಟ್ಸ್ ಬಳಸಿದ ಪ್ರೋಗ್ರಾಮುಗಳು ಲ್ಯಾಬ್ ರೆಕಾರ್ಡುಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಅಂಥ ಕಡೆ ಹತ್ತು ಸಂಖ್ಯೆಗಳ ಪಟ್ಟಿಗೆ ಹನ್ನೊಂದನೆಯ ಸಂಖ್ಯೆಯನ್ನು ಬರೆದ ವಿದ್ಯಾರ್ಥಿಗೆ ಪರದೆಯ ಮೇಲೆ ಸರಿಯಾದ ಉತ್ತರವೇ ಬರಬಹುದು, ಪೂರ್ಣ ಅಂಕವೂ ಸಿಗಬಹುದು. ಇದನ್ನು ಸರಿಪಡಿಸಲು ಹೊಸ ಯಂತ್ರವೂ ಬೇಡ, ಹಣವೂ ಬೇಡ. ಉಚಿತವಾಗಿ ಸಿಗುವ ಜಿಸಿಸಿ ಅಥವಾ ಕ್ಲ್ಯಾಂಗ್ ಕಂಪೈಲರಿನಲ್ಲಿ ಅಡ್ರೆಸ್ ಸ್ಯಾನಿಟೈಜರ್ ಎಂಬ ಆಯ್ಕೆಯನ್ನು ಚಾಲೂ ಮಾಡಿ ಅದೇ ಪ್ರೋಗ್ರಾಮನ್ನು ಓಡಿಸಿದರೆ, ಹನ್ನೊಂದನೆಯ ಸಂಖ್ಯೆಯನ್ನು ಬರೆಯುವ ಕ್ಷಣದಲ್ಲಿಯೇ ಅದು ನಿಂತು, ಯಾವ ಕಡತದ ಎಷ್ಟನೆಯ ಸಾಲಿನಲ್ಲಿ, ಯಾವ ಪಟ್ಟಿಯ ಎಲ್ಲೆಯನ್ನು ಎಷ್ಟು ಬೈಟುಗಳಷ್ಟು ಮೀರಲಾಯಿತು ಎಂಬುದನ್ನು ಬರೆದು ತೋರಿಸುತ್ತದೆ. ಮೊದಲ ವರ್ಷದ ಮೊದಲ ಲ್ಯಾಬಿನಿಂದಲೇ ಇದನ್ನು ಕಡ್ಡಾಯ ಮಾಡಲು ವಿಭಾಗದ ಮುಖ್ಯಸ್ಥರ ಒಂದು ಸುತ್ತೋಲೆ ಸಾಕು.